ಹುಳದ ಮನೆಯಲ್ಲಿ ಬೆಕ್ಕು ಕೂಡಿಹಾಕಿದ ವರ್ಷ

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಅವತ್ತು ಬೆಳಿಗ್ಗೆ ಡೈರಿ ಮುಂದೆ ಆ ಒಂದು ಮಾತು ಆಡದೆ, ಹಾಲು ಅಳೆದು, ಕ್ಯಾನು ಮುಚ್ಚಿ, ತೆಪ್ಪಗೆ ಮನೆಗೆ ಬಂದಿದ್ದರೆ ನಮ್ಮ ಹುಳದ ಮನೆಯಲ್ಲಿ ಈಗಲೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಇರುತ್ತಿತ್ತು. ಈಗ ಏನು ವಾಸನೆ ಇದೆ ಅಂತ ಕೇಳಬೇಡಿ. ಸುಣ್ಣ ಬಳಿದಾಯ್ತು, ಬ್ಲೀಚಿಂಗ್ ಪುಡಿ ಸುರಿದಾಯ್ತು, ಮಳೆ ಬಂದ ದಿನ ಮಾತ್ರ ಅದು ಮತ್ತೆ ಎದ್ದು ಬರುತ್ತದೆ.

ಅಕ್ಕಿಹೆಬ್ಬಾಳಿಗೆ ಹೋಗುವ ದಾರಿಯಲ್ಲಿ, ಹೇಮಾವತಿಯ ಈ ದಡಕ್ಕೆ ನಮ್ಮೂರು. ಊರ ಹೆಂಗಸರ ಹಾಲಿನ ಡೈರಿಯಲ್ಲಿ ನಾನು ಹಾಲು ಅಳೆಯುವವಳು. ಡೈರಿ ಅಂದಮೇಲೆ ಬೆಕ್ಕು ಇದ್ದೇ ಇರುತ್ತವೆ. ಯಾರ ಮನೆಯವೂ ಅಲ್ಲ, ಯಾರ ಕೈಗೂ ಸಿಗುವುದಿಲ್ಲ. ಕ್ಯಾನು ತೊಳೆದ ನೀರು ಚರಂಡಿಗೆ ಬಿದ್ದ ಸದ್ದಿಗೆ ಹಿಂದಿನ ಕಲ್ಲುರಾಶಿಯಿಂದ ಒಂದೊಂದಾಗಿ ಇಳಿದು ಬರುತ್ತವೆ, ನೆಕ್ಕಿ ಮುಗಿಸಿ ನಮಗೇ ಹಲ್ಲು ಕಿಸಿದು ಹೋಗುತ್ತವೆ. ನನಗೆ ಬೆಕ್ಕು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಊರಲ್ಲೆಲ್ಲ ನನ್ನನ್ನು ಏನೋ ದೊಡ್ಡ ಪ್ರಾಣಿಪ್ರೇಮಿ ಅಂದುಕೊಂಡುಬಿಟ್ಟರು. ಬೆಕ್ಕು ಕಂಡರೆ ಜೀವ ಬಿಡುವವರು ನಮ್ಮ ಅತ್ತೆ. ದಿನಾ ಬೆಳಿಗ್ಗೆ ಒಂದು ಲೋಟ ಹಾಲನ್ನು ಸೆರಗಲ್ಲಿ ಮುಚ್ಚಿಕೊಂಡು ಡೈರಿ ಹಿಂದಕ್ಕೆ ಹೋಗಿ ಸುರಿದು ಬರುತ್ತಿದ್ದರು. ಕೇಳಿದರೆ, ಮೊಣಕಾಲು ಸಡಿಲಾಗಲಿ ಅಂತ ಸುತ್ತಾಡಿ ಬಂದೆ ಅನ್ನುವರು.

ರಾಗಿ ಬಿತ್ತನೆ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಎಲ್ಲಿಂದಲೋ ಒಂದು ನಾಯಿ ಜೊಲ್ಲು ಸುರಿಸಿಕೊಂಡು ಬಂತು. ಕಟ್ಟಿದ್ದ ಕರುವಿಗೆ ಬಾಯಿ ಹಾಕಿತು, ಆಮೇಲೆ ನೇರ ಡೈರಿ ಹಿಂದೆ ಬೆಕ್ಕುಗಳ ಮೇಲೆ ಬಿತ್ತು. ಆ ಗಲಾಟೆ, ಆ ಕಿರುಚಾಟ! ಗಂಡಸರು ದೊಣ್ಣೆ ಹಿಡಿದು ಬರುವ ಹೊತ್ತಿಗೆ ಅಲ್ಲಿ ಧೂಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾಯಿ ಆ ದಿನವೇ ಸತ್ತಿತು. ಪೇಟೆಯಿಂದ ದನದ ಡಾಕ್ಟರು ಬಂದು ಪರೀಕ್ಷೆಗೆ ಕಳಿಸಿದರು, ಹುಚ್ಚು ಅಂತಲೇ ಬಂತು. ಕರುವಿಗೆ ಸೂಜಿ ಚುಚ್ಚಿ, ಡಾಕ್ಟರು ಡೈರಿ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: ಆ ಬೆಕ್ಕುಗಳನ್ನು ಹಿಡಿದು ಎಲ್ಲಾದರೂ ಭದ್ರವಾಗಿ ಕೂಡಿಹಾಕಿ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸಾಯಿಸಬೇಕು, ಹೀಗೇ ಊರಲ್ಲಿ ಬಿಡುವ ಹಾಗಿಲ್ಲ.

ಸಾಯಿಸುವುದು ಅಂದಕೂಡಲೇ ಅಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅನ್ನುವುದು ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತು. ಕುರಿ ಕೊಯ್ಯುವ ಕೈ, ಕೋಳಿ ಕುತ್ತಿಗೆ ಮುರಿಯುವ ಕೈ, ಎಲ್ಲವೂ ಪಂಚೆಯೊಳಗೆ ಸೇರಿಕೊಂಡವು. ಆಗ ಒಬ್ಬ ಬಾಯಿಬಿಟ್ಟ.

"ಗೋಣಿಚೀಲ್ದಲ್ ಆಕಿ, ಮೂರು ಸುತ್ತು ಗಿರ್ರನೆ ತಿರುಗ್ಸಿ, ಸೇತುವೆ ದಾಟ್ಸಿ ಬುಟ್ಬುಟ್ ಬಂದ್ರಾಯ್ತು ಬುಡಿ ಸಾ."

ಇದು ನಮ್ಮೂರಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಕಾಟ ಕೊಡುವ ಬೆಕ್ಕನ್ನು ಚೀಲಕ್ಕೆ ಹಾಕಿ, ದಿಕ್ಕು ತಪ್ಪಲಿ ಅಂತ ಚೀಲ ತಿರುಗಿಸಿ, ಹೊಳೆ ದಾಟಿಸಿ ಬಿಟ್ಟುಬರುವುದು. ನೀರು ದಾಟಿದ ಬೆಕ್ಕಿಗೆ ವಾಪಸು ದಾರಿ ಸಿಗುವುದಿಲ್ಲವಂತೆ. ಬಿಟ್ಟು ಬರುವುದು ಎಲ್ಲಿಗೆ? ಹೊಳೆಯ ಆಚೆ ದಡಕ್ಕೆ, ಅಂದರೆ ನನ್ನ ತವರೂರಿಗೆ. ನಾನು ಚಿಕ್ಕವಳಿದ್ದಾಗ ನಮ್ಮ ಅಟ್ಟದ ಮೇಲೆ ಯಾವಾಗ ನೋಡಿದರೂ ಗುರುತಿಲ್ಲದ ಬೆಕ್ಕು ಯಾಕೆ ಇರುತ್ತಿತ್ತು ಅನ್ನುವುದು ಈ ಊರಿಗೆ ಸೊಸೆಯಾಗಿ ಬಂದಮೇಲೆ ಗೊತ್ತಾಯ್ತು. ನಮ್ಮಪ್ಪನೂ ಅವನ್ನು ಹಿಡಿದು, ಚೀಲಕ್ಕೆ ಹಾಕಿ, ತಿರುಗಿಸಿ, ಈ ದಡಕ್ಕೆ ಬಿಟ್ಟು ಹೋಗುತ್ತಿದ್ದ ಅನ್ನುವುದು ಬೇರೆ ಮಾತು.

ನನಗೆ ಮೈಯೆಲ್ಲ ಉರಿದುಹೋಯ್ತು. "ಆಚೆ ದಡ್ದೋರು ಮನುಸ್ರಲ್ವೇನ್ರಯ್ಯಾ? ಉಚ್ಚು ನಾಯಿ ಕಚ್ಚಿರೋ ಬೆಕ್ಕ ಅಲ್ಲಿಗ್ ಬುಡ್ತೀರಲ್ಲ, ಅಲ್ಲಿ ಐಕ್ಳಿಲ್ವಾ?" ಅಂದೆ.

"ಅಂಗಾರೆ ನೀನೇ ಇಟ್ಕೊಳಕ್ಕ, ಅಷ್ಟೊಂದ್ ಕರುಳು ಚುರ್ ಅಂದ್ರೆ."

"ಇಟ್ಕೋತೀನಿ ಕಣ್ರಯ್ಯಾ! ನಮ್ಮುಳದ ಮನೆ ಖಾಲಿ ಬಿದ್ದದೆ, ಅಲ್ಲೇ ಇಟ್ಕೋತೀನಿ!"

ಅಷ್ಟೇ. ಆಡಿ ಬಾಯಿ ಮುಚ್ಚುವಷ್ಟರಲ್ಲಿ ಡಾಕ್ಟರು ನನ್ನ ಹೆಸರು ಬರೆದುಕೊಂಡುಬಿಟ್ಟರು.

ಹುಳದ ಮನೆ ಅಂದರೆ ರೇಷ್ಮೆ ಹುಳ ಸಾಕುವ ಮನೆ. ತೋಟದ ಅಂಚಿಗೆ ಒಂಟಿಯಾಗಿ ಇದೆ. ಹುಳಕ್ಕೆ ಊಜಿ ನೊಣದ ಕಾಟ, ಅದಕ್ಕೇ ಕಿಟಕಿಗೆಲ್ಲ ಜಾಲರಿ ಬಡಿದು, ಒಂದು ನೊಣವೂ ನುಸುಳದ ಹಾಗೆ ಕಟ್ಟಿರುತ್ತೇವೆ. ಡಾಕ್ಟರು ಅದನ್ನು ನೋಡಿ, ಇದಕ್ಕಿಂತ ಒಳ್ಳೆಯ ಜಾಗ ತಾಲ್ಲೂಕಲ್ಲೇ ಇಲ್ಲ ಅಂದರು. ಹುಳದ ತಟ್ಟೆ ಇಡುವ ಸ್ಟ್ಯಾಂಡುಗಳಿಗೆ ಸುತ್ತ ಕಬ್ಬಿಣದ ಜಾಲರಿ ಬಡಿಸಿ, ಒಂದೊಂದು ಬೆಕ್ಕಿಗೆ ಒಂದೊಂದು ಗೂಡು ಮಾಡಿಸಿದರು. ಎಷ್ಟು ದಿನ ಸಾರ್ ಅಂತ ಕೇಳಿದೆ. ಸ್ವಲ್ಪ ದಿನ ಅಷ್ಟೇ ಅಮ್ಮ ಅಂದರು. ಆ 'ಸ್ವಲ್ಪ ದಿನ' ಸಂಕ್ರಾಂತಿ ತನಕ ಎಳೆಯಿತು. ಮುಂದಿನ ಬೆಳೆಗೆ ಹೇಳಿಟ್ಟಿದ್ದ ಮರಿಹುಳ ಬೇರೆಯವರ ಪಾಲಾಯ್ತು, ಅದರ ಮುಂದಿನದೂ ಹೋಯ್ತು. ತೋಟದಲ್ಲಿ ಸೊಪ್ಪು ಮರದಂತೆ ಬೆಳೆದು ನಿಂತಿತು, ಕೊನೆಗೆ ಮೇಕೆಗಳಿಗೆ ಹಬ್ಬವಾಯಿತು.

ನಮ್ಮ ಯಜಮಾನರಿಗೆ ವಿಷಯ ಹೇಳಿದಾಗ ಅವರು ಬೀಡಿ ಬಾಯಿಂದ ತೆಗೆದು, "ಬೆಕ್ಕಾ? ಉಳದ ಮನೇಲಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೋಡುವಾ ಬುಡು" ಅಂದರು. ಲೋಕದಲ್ಲಿ ಏನೇ ಆದರೂ ಅವರದ್ದು ಇದೊಂದೇ ಉತ್ತರ. ಮನೆಗೆ ಬೆಂಕಿ ಬಿದ್ದಿದೆ ಅಂದರೂ ನೋಡುವಾ ಅನ್ನುವ ಆಸಾಮಿ.

ಬೆಕ್ಕು ಮುಟ್ಟುವ ಮೊದಲು ನಾನು ಸೂಜಿ ಹಾಕಿಸಿಕೊಳ್ಳಬೇಕು ಅಂತ ಡಾಕ್ಟರು ಹಟ ಹಿಡಿದರು. ಪೇಟೆ ಆಸ್ಪತ್ರೆಗೆ ಹೋಗಿ ತೋಳಿಗೆ ಚುಚ್ಚಿಸಿಕೊಂಡು ಬಂದೆ. ಇರುವೆ ಕಚ್ಚಿದ ಹಾಗಾಯಿತು, ಅಷ್ಟೇ. ಆಮೇಲೆ ಹಿಡಿಯುವ ಸಂಭ್ರಮ. ಡಾಕ್ಟರ ಕಡೆಯವರು ಬೋನು ತಂದು, ಒಳಗೆ ಹೊಳೆ ಮೀನಿನ ತಲೆ ಇಟ್ಟು, ಕಲ್ಲುರಾಶಿ ಪಕ್ಕ ಇಟ್ಟರು. ಒಂದೊಂದೂ ಬಿದ್ದಾಗ ಅದು ಮಾಡುವ ರಂಪ, ಬೋನು ಎದ್ದೆದ್ದು ಕುಣಿಯುತ್ತಿತ್ತು. ಊರವರೆಲ್ಲ ಬಂದು ದೂರದಲ್ಲಿ ಕೈಕಟ್ಟಿ ನಿಂತು ಸಲಹೆ ಕೊಟ್ಟರು. ಒಬ್ಬರಾದರೂ ಬೋನಿನ ಒಂದು ಕೊನೆ ಹಿಡಿಯಬೇಕಲ್ಲ? ಊಹೂಂ. ಸಾಲದ್ದಕ್ಕೆ ಆಚೆ ದಡದಿಂದ ನಮ್ಮಣ್ಣ ಫೋನು ಮಾಡಿ, "ಆ ಬೆಕ್ಕ ಮಾತ್ರ ನಮ್ ಕಡೆ ಬುಡಬ್ಯಾಡ ಕಣವ್ವ" ಅಂದ. ಅವನ ಸಲುವಾಗಿಯೇ ನಾನು ಈ ತಲೆನೋವು ಕಟ್ಟಿಕೊಂಡದ್ದು, ಅವನು ನನಗೇ ಬುದ್ಧಿ ಹೇಳುತ್ತಿದ್ದಾನೆ!

ಅತ್ತೆ ಮಾತ್ರ ಬೋನಿನ ಹತ್ತಿರ ಹತ್ತಿರ ಬಂದು, "ಎದುರ್ಕೋಬ್ಯಾಡವ್ವ, ಎದುರ್ಕೋಬ್ಯಾಡ" ಅಂತ ಬೆಕ್ಕಿಗೆ ಸಮಾಧಾನ ಹೇಳುತ್ತಿದ್ದರು. ನನಗೆ ರೇಗಿತು. "ಅತ್ತೆಮ್ಮ, ಅತ್ಲಾಗ್ ಓಯ್ತೀರೋ ಇಲ್ವೋ? ಇನ್ನೊಂದ್ ಸಲ ಬೆಕ್ಕಿನತ್ರ ಬಂದ್ರೆ ನಿಮ್ಮನ್ನೂ ಒಳಿಕ್ ಆಕಿ ಚಿಲ್ಕ ಜಡೀತೀನಿ ನೋಡಿ!" ಅಂತ ಕೂಗಿದೆ. ಸುತ್ತ ನಿಂತವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಸೆರಗನ್ನು ಎಡಗೈ ಮೇಲೆ ಎಳೆದುಕೊಂಡು ಮನೆ ಕಡೆ ನಡೆದರು.

ಅತ್ತೆಯ ಮಾತು ಬಂತು, ಅವರ ಬಗ್ಗೆ ಹೇಳಿಬಿಡುತ್ತೇನೆ. ಬಿಂಡಿಗನವಿಲೆ ಕಡೆಯ ಹೆಣ್ಣು, ಕುರಿ ಕಾಯ್ದು ಬೆಳೆದವರು. ಹಲ್ಲು ಎಲ್ಲ ಹೋಗಿವೆ, ಹಟ ಒಂದೂ ಹೋಗಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ನಮ್ಮಿಬ್ಬರಿಗೂ ಒಂದು ದಿನ ತಪ್ಪದೆ ಜಗಳ, ಒಂದು ದಿನ ತಪ್ಪದೆ ಜೊತೆಯಲ್ಲಿ ಊಟ. ಅವರಿಗೆ ತಲೆಗೆ ನೀರು ಹಾಕುವವಳು ನಾನೇ.

ಬೆಕ್ಕು ಹಿಡಿದು ಒಳಗೆ ಹಾಕಿದ ಮಾರನೆ ದಿನ ಹಾಗೆ ನೀರು ಹಾಕುವಾಗ ನೋಡುತ್ತೇನೆ, ಎಡಗೈ ಮೊಣಕೈ ಕೆಳಗೆ ಹಲ್ಲಿನ ಗುರುತು. ಕೆಂಪಗೆ ಊದಿಕೊಂಡಿದೆ, ಮೇಲೆ ಯಾವುದೋ ಸೊಪ್ಪು ಅರೆದು ಮೆತ್ತಿದ್ದು ಒಣಗಿ ಅಂಟಿದೆ.

"ಏನಿದು?"

"ಬಳೆ ಒಡೀತು."

"ಬಳೆಗೆ ಅಲ್ಲು ಇರ್ತವಾ ಅತ್ತೆಮ್ಮ?"

ಚೊಂಬು ಕೆಳಗಿಟ್ಟು ನಾನು ಜೋರು ಮಾಡಿದಮೇಲೆ ಹೊರಬಿತ್ತು. ನಾಯಿ ಬಂದ ಬೆಳಿಗ್ಗೆ ಇವರು ಹಾಲಿನ ಲೋಟ ಹಿಡಿದು ಡೈರಿ ಹಿಂದೆಯೇ ಇದ್ದಾರೆ. ಕೆಂದ ಬಣ್ಣದ ಒಂದು ಬೆಕ್ಕು, ಇವರು ಅದನ್ನು ಕೆಂಚಿ ಅಂತ ಕರೆಯುತ್ತಾರೆ, ನಾಯಿ ಬಾಯಿಗೆ ಸಿಕ್ಕಿದೆ. ಇವರು ಮುದುಕಿ, ನಡುಗುವ ಕೈ, ಹೋಗಿ ಅದನ್ನು ಎಳೆದುಕೊಂಡಿದ್ದಾರೆ! "ಅದ್ಕೇನ್ ಗೊತ್ತಾದದು ಪಾಪ, ಗಾಬ್ರೀಲಿ ನನ್ ಕೈನೇ ಕಚ್ಚುತು" ಅಂತ ಬೆಕ್ಕಿನ ಪರವಾಗಿ ವಕಾಲತ್ತು ಬೇರೆ. ಅಷ್ಟೂ ದಿನ ಬಾಯಿಬಿಟ್ಟಿಲ್ಲ. ಯಾರ ಹತ್ತಿರವೋ ಸೊಪ್ಪಿನ ರಸ ತರಿಸಿ ಕುಡಿದು, ಬದನೆಕಾಯಿ ಬಿಟ್ಟು ಪಥ್ಯ ಮಾಡುತ್ತಿದ್ದಾರೆ. ಸಾರಲ್ಲಿದ್ದ ಬದನೆಕಾಯಿ ಪಕ್ಕಕ್ಕೆ ಎತ್ತಿಡುತ್ತಿದ್ದದ್ದು ನನ್ನ ಅಡುಗೆ ಮೇಲಿನ ಸಿಟ್ಟಿಗೆ ಅಂದುಕೊಂಡಿದ್ದೆ.

ಸೋಪು ಹಚ್ಚಿ, ನಲ್ಲಿ ಕೆಳಗೆ ಆ ಗಾಯವನ್ನು ಅವರು ಬೈಯುತ್ತಿದ್ದರೂ ಬಿಡದೆ ತೊಳೆದೆ. ಪೇಟೆ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಮಾತು ಮುಗಿಸಲೂ ಬಿಡಲಿಲ್ಲ. "ಇವತ್ತೇ ಕರ್ಕೊಂಡು ಬನ್ನಿ. ಬೆಕ್ಕು ಹೇಗಿದೆ ಅಂತ ಕಾಯ್ಕೊಂಡು ಕೂರಬೇಡಿ. ಸೂಜಿ ಹಾಕಿಸಿದರೆ ಏನೂ ಆಗಲ್ಲ. ಹಾಕಿಸದೆ ರೋಗ ಶುರುವಾಯ್ತು ಅಂದ್ರೆ ಆಮೇಲೆ ಯಾರ ಕೈಲೂ ಉಳಿಸೋಕೆ ಆಗಲ್ಲ" ಅಂದರು.

ಇಷ್ಟು ಸರಳ. ಬಸ್ಸು ಹತ್ತಿ, ಇಳಿದು, ತೋಳು ಒಡ್ಡಿದರೆ ಜೀವ ಉಳಿಯುತ್ತದೆ. ಈ ಹೆಂಗಸು ಒಪ್ಪಬೇಕಲ್ಲ!

"ನಾನ್ ಬರಾಕಿಲ್ಲ."

"ಯಾಕೆ?"

"ಕೆಂಚಿ ಗುಂಡ್ಕಲ್ಲಂಗ್ ಅದೆ. ಅದ್ಕೇ ಉಚ್ಚಿಲ್ಲ, ನಂಗೆಲ್ಲಿಂದ ಬಂದದು?"

"ಸೂಜಿ ಈಗ ಒಟ್ಟೆಗೆ ಚುಚ್ಚಲ್ಲ ಅತ್ತೆಮ್ಮ, ತೋಳಿಗೆ. ನಾನು ಚುಚ್ಚುಸ್ಕೊಂಡ್ ಬಂದಿಲ್ವಾ?"

"ಚುಚ್ಚುಸ್ಕೊ. ನಿಂಗ್ ಯಾರ್ ಬ್ಯಾಡ ಅಂದೋರು?"

ಆಟೋ ತರಿಸಿದೆ. ನಡುಮನೆ ಕಂಬ ತಬ್ಬಿ ಕೂತರು. ಕಣ್ಣು ತೋರಿಸಿಕೊಂಡು ಬರೋಣ ಬನ್ನಿ ಅಂತ ಸುಳ್ಳು ಹೇಳಿ ಬಸ್ ಸ್ಟಾಪಿನ ತನಕ ಕರೆದುಕೊಂಡು ಹೋದೆ. ಅಲ್ಲಿ ನಿಂತು, "ಕಣ್ಣು ಚೆನ್ನಾಗೇ ಅವೆ ಕಣಮ್ಮಿ, ನಿನ್ ಕಳ್ಳಾಟ ಎಲ್ಲ ಕಾಣ್ತಾ ಅದೆ" ಅಂದು ವಾಪಸು ಹೊರಟರು. ಯಜಮಾನರಿಗೆ, ನಿಮ್ಮವ್ವ ಕಣ್ರೀ, ನೀವಾದರೂ ಎತ್ತಿಕೊಂಡು ನಡೆಯಿರಿ ಅಂದೆ. "ಅವ್ವನ್ನ ಎಂಗ್ ಎಳ್ಕೊಂಡ್ ಓಗದು? ನೋಡುವಾ" ಅಂದರು. ಆವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ತಲೆ ಕೆಟ್ಟು ಕೆರ ಹಿಡಿದುಹೋಯ್ತು. ಒಂದು ಕಡೆ ಹುಳದ ಮನೆಯಲ್ಲಿ ಬೆಕ್ಕುಗಳ ಗೋಳಾಟ, ಇನ್ನೊಂದು ಕಡೆ ಇವರ ಹಟ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಭಯ. ಜಗಳ ಆಡಲಿಕ್ಕೆ ನನಗೆ ಇರುವುದು ಅವರೊಬ್ಬರೇ.

ಮರುದಿನ ಗೂಡಿನಲ್ಲಿದ್ದ ಒಂದು ಕರಿ ಬೆಕ್ಕಿಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಹಾಲು ಮುಗಿಸಿಕೊಂಡು ಬರುವಷ್ಟರಲ್ಲಿ ಅತ್ತೆ ನನ್ನ ಮಾತು ಮೀರಿ, ನೀರಿನ ತಂಬಿಗೆ ಹಿಡಿದು ಹುಳದ ಮನೆಯ ಕಿಟಕಿ ಹತ್ತಿರ ನಿಂತಿದ್ದಾರೆ. ನಾನು ಗದರುತ್ತ ಹತ್ತಿರ ಹೋಗಿ ಒಳಗೆ ನೋಡಿದೆ. ಆ ಬೆಕ್ಕಿನ ಬಾಯಿ ತೆರೆದೇ ಇತ್ತು, ಜೊಲ್ಲು ಸುರಿಯುತ್ತಿತ್ತು, ಜಾಲರಿಯನ್ನು ಕಚ್ಚಿ ಕಚ್ಚಿ ಒಸಡೆಲ್ಲ ರಕ್ತ. ಗೂಡಿನ ಮೂಲೆಯಿಂದ ಮೂಲೆಗೆ ಬಿದ್ದು ಏಳುತ್ತಿತ್ತು. ಅತ್ತೆಯ ಕೈಯಿಂದ ತಂಬಿಗೆ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲೂ ಇಲ್ಲ. ನನ್ನ ಮುಖ ನೋಡದೆ ಸರಸರ ಮನೆಗೆ ಹೋಗಿ ತಮ್ಮ ಕೋಣೆ ಸೇರಿದರು.

ದನದ ಡಾಕ್ಟರು ಬಂದು ನೋಡಿದರು. "ಇದಕ್ಕೆ ಆ ದಿನದ್ದಲ್ಲ, ಮೊದಲೇ ಎಲ್ಲೋ ಕಚ್ಚಿಸಿಕೊಂಡಿದೆ. ಇದಕ್ಕೂ ಮೊದಲು ಬೇರೆ ಹುಚ್ಚು ನಾಯಿಯೂ ಸುತ್ತಮುತ್ತ ಓಡಾಡಿರಬೇಕು" ಅಂದರು. ಅದರ ನರಳಾಟ ಮುಗಿಸುತ್ತೇನೆ ಅಂದಾಗ ಯಜಮಾನರು ಮೆಲ್ಲಗೆ, ಬೆಕ್ಕಿನ ಪಾಪ ಸಾರ್ ಅಂದರು. ಡಾಕ್ಟರು, "ಇರಲಿ ಬಿಡಿ, ನನ್ನ ತಲೆ ಮೇಲಿರಲಿ" ಅಂದು ಕೈಗವಸು ಹಾಕಿಕೊಂಡರು. ಹೊರಡುವಾಗ ನನ್ನನ್ನು ಕರೆದು, ನಿಮ್ಮತ್ತೆಗೆ ಇನ್ನೂ ಹಾಕಿಸಿಲ್ಲವಾ ಅಂತ ಕೇಳಿ, ಒಂದು ಥರ ನೋಡಿದರು.

ಅತ್ತೆ ಊಟಕ್ಕೆ ಏಳಲಿಲ್ಲ. ಬಾಗಿಲ ಹೊರಗೆ ನಿಂತು ಬೈದೆ, ಗೋಗರೆದೆ, ಮತ್ತೆ ಬೈದೆ. ಗೋಡೆ ಕಡೆ ತಿರುಗಿ ಮಲಗಿದವರು ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡರು.

ಮಧ್ಯಾಹ್ನ ಆಪಾ ಬಂದರು. ಆಪಾ ನಮ್ಮ ಪಕ್ಕದ ಬೀದಿಯವರು, ಊರ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವರು. ಅವರ ಗಂಡ ಲಾರಿ ಓಡಿಸಿಕೊಂಡಿದ್ದ ಕಾಲದಿಂದ ಇಲ್ಲೇ ಇದ್ದಾರೆ. ಮಧ್ಯಾಹ್ನವಾದರೆ ಅತ್ತೆಗೂ ಅವರಿಗೂ ನಮ್ಮ ಜಗಲಿ ಮೇಲೆ ಎಲೆ ಅಡಿಕೆ ಆಗಲೇಬೇಕು. ನಾನು ಅವರ ಮುಂದೆ ನನ್ನ ಗೋಳೆಲ್ಲ ತೋಡಿಕೊಂಡೆ. ಒಂದು ಸೂಜಿಗೆ ಹೆದರಿ ಜೀವ ಕಳೆದುಕೊಳ್ಳುತ್ತಾರಲ್ಲ, ಇವರಿಗೆ ಏನು ಹೇಳೋದು ಅಂದೆ.

ಆಪಾ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು. "ಸೂಜಿಗೆ ಎದ್ರೋ ಜೀವನಾ ಅದು? ಅಲ್ಲ ಬೇಟಾ. ಅವ್ರಿಗೆ ಬಾಗ್ಲು ಕಂಡ್ರೆ ಭಯ. ನಿಂಗೆ ಯಾವತ್ತೂ ಏಳ್ಲಿಲ್ವಾ, ಅವ್ರ ಅಕ್ಕನ ಕತೆ?"

ಹೇಳಿರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು, ನನಗೆ ಅವರಿಗೊಬ್ಬ ಅಕ್ಕ ಇದ್ದಳು ಅನ್ನುವುದೇ ಗೊತ್ತಿರಲಿಲ್ಲ. ಅತ್ತೆ ಸಣ್ಣ ಹುಡುಗಿ. ಅಕ್ಕನಿಗೆ ಕುರಿ ಹಟ್ಟಿಯಲ್ಲಿ ನಾಯಿ ಕಚ್ಚಿತು. ಗಾಯ ವಾಸಿಯಾಯ್ತು, ಎಲ್ಲರೂ ಮರೆತರು. ಆಮೇಲೆ ಒಂದು ದಿನ ಅಕ್ಕ ನೀರು ಕಂಡು ಕಿರುಚಿಕೊಂಡಳು. ಆ ಕಾಲದಲ್ಲಿ ಏನು ಮಾಡುತ್ತಾರೆ? ರಾಗಿ ತುಂಬುವ ಕೋಣೆಗೆ ಹಾಕಿ, ಹೊರಗಿನಿಂದ ಚಿಲಕ ಹಾಕಿದರು. ದೊಡ್ಡವರು ಯಾರೂ ಹತ್ತಿರ ಹೋಗಲಿಲ್ಲ. ಕಿಟಕಿಯಲ್ಲಿ ನೀರು ಇಟ್ಟು ಬಾ ಅಂತ ಕಳಿಸುತ್ತಿದ್ದದ್ದು ತಂಗಿಯನ್ನು. ಅಕ್ಕ ಒಳಗಿಂದ, ಬಾಗ್ಲು ತೆಗಿಯವ್ವ, ಬಾಗ್ಲು ತೆಗಿಯವ್ವ ಅಂತ ಅತ್ತಳಂತೆ. ಅವಳ ದನಿ ನಿಂತಮೇಲೆಯೇ ಬಾಗಿಲು ತೆಗೆದದ್ದು.

"ಉಚ್ಚು ಅಂತ ಗೊತ್ತಾದ್ರೆ ಕೂಡಾಕ್ಬುಡ್ತಾರೆ ಅಂತ ಅವ್ರ ಮನ್ಸಲ್ಲಿ ಕುಂತ್ಬುಟ್ಟದೆ" ಅಂದರು ಆಪಾ. "ಆಸ್ಪತ್ರೆಗ್ ಓದ್ರೆ ಕಚ್ಚಿದ್ದು ಎಲ್ರಿಗೂ ಗೊತ್ತಾಯ್ತದಲ್ಲ?"

ಬೋನಿನ ಪಕ್ಕದಲ್ಲಿ ನಿಂತು ನಾನು ಕೂಗಿದ ಮಾತು ಆಗ ನೆನಪಿಗೆ ಬಂತು. ಒಳಿಕ್ ಆಕಿ ಚಿಲ್ಕ ಜಡೀತೀನಿ. ಅಯ್ಯೋ ನನ್ನ ನಾಲಿಗೆಗಿಷ್ಟು! ದಿನಾ ಆಡುವ ಮಾತು, ಹಸುವಿಗೂ ಹೇಳುತ್ತೇನೆ, ಗಂಡನಿಗೂ ಹೇಳುತ್ತೇನೆ. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ, ಅದು ನನ್ನ ಜಾಯಮಾನ. ಆಪಾ ಮೇಲೆ ಸಿಟ್ಟು, ಯಾಕೆ ಮೊದಲೇ ಹೇಳಲಿಲ್ಲ ಅಂತ. ಅತ್ತೆ ಮೇಲೆ ಸಿಟ್ಟು, ಬಾಯಿಬಿಟ್ಟು ಒಂದು ಮಾತು ಅನ್ನಬಾರದಿತ್ತಾ ಅಂತ. ಆ ಸಿಟ್ಟಲ್ಲೇ ಎದ್ದೆ.

"ಇಲ್ನೋಡಿ, ಆರೆ ತಕೊಂಬನ್ನಿ!" ಅಂತ ಯಜಮಾನರಿಗೆ ಕೂಗಿದೆ.

"ಆರೆ ಯಾಕೆ? ನೋ..." ಅಂತ ಶುರುಮಾಡಿದವರು ನನ್ನ ಮುಖ ನೋಡಿ, ನೋಡುವಾ ಅನ್ನುವುದನ್ನು ನುಂಗಿಕೊಂಡು, ಕೊಟ್ಟಿಗೆಯಿಂದ ಹಾರೆ ತಂದರು.

ಅತ್ತೆಯ ಕೋಣೆಯದ್ದು ಹಳೆ ಕಾಲದ ಮರದ ಬಾಗಿಲು. ಅಡಿಗೆ ಹಾರೆ ಕೊಟ್ಟು ಮೇಲಕ್ಕೆ ಎತ್ತಿದರೆ ಕಳಚಿಕೊಳ್ಳುತ್ತದೆ. ಯಜಮಾನರು ಎತ್ತಿದರು, ನಾನು ಹಿಡಿದೆ, ಆಪಾ ತಲೆ ಮೇಲಿನ ಸೆರಗು ಬಿಗಿದುಕೊಂಡು ಇನ್ನೊಂದು ಕಡೆ ಹಿಡಿದರು. ಸುಣ್ಣದ ಹೆಕ್ಕಳಿಕೆಯೆಲ್ಲ ನಮ್ಮ ತಲೆ ಮೇಲೆ ಸುರಿಯಿತು. ಸದ್ದಿಗೆ ಅತ್ತೆ ಎದ್ದು ಕೂತರು. "ಏನ್ ಮಾಡ್ತಾ ಇದ್ದೀರಾ ನನ್ ಮಕ್ಳಾ, ಮನೆ ಕೆಡವ್ತಾ ಇದ್ದೀರಾ?" ಅಂತ ಕೂಗಿಕೊಂಡರು. ನಾವು ಮೂವರೂ ಏದುಸಿರು ಬಿಡುತ್ತ ಆ ಬಾಗಿಲನ್ನು ಹೊತ್ತು ಹಿತ್ತಲಿಗೆ ಒಯ್ದು ಕಲ್ಲಿನ ಮೇಲೆ ಮಲಗಿಸಿದೆವು.

ವಾಪಸು ಬಂದು ಬೋಳು ಚೌಕಟ್ಟಿನಲ್ಲಿ ನಿಂತೆ. "ತಗಳಿ ಅತ್ತೆಮ್ಮ. ಬಾಗ್ಲೇ ಇಲ್ಲ. ಇನ್ನೆಲ್ಲಿ ಕೂಡಾಕ್ಲಿ ನಿಮ್ಮ? ಸೂಜಿ ಹಾಕುಸ್ಕಂಡ್ರೆ ಏನೂ ಆಗಲ್ಲ ಅಂತ ಡಾಕ್ಟ್ರಮ್ಮ ಏಳವ್ರೆ. ಒಂದು ಪಕ್ಷ ಏನಾರ ಆಯ್ತು ಅಂದ್ಕೊಳಿ, ನಿಮ್ ಪಕ್ಕದಲ್ಲೇ ಕುಂತಿರ್ತೀನಿ, ಎದ್ದೋಗಲ್ಲ. ಕಚ್ಚುದ್ರೆ ಕಚ್ಚಿ ಅತ್ಲಾಗಿ!"

ಅತ್ತೆ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿದರು. ಆಪಾ ಮುಖ ನೋಡಿದರು. ಆಪಾ ಹೇಳಿಬಿಟ್ಟಿದ್ದಾರೆ ಅಂತ ಅವರಿಗೆ ಗೊತ್ತಾಯ್ತು.

"ಥೂ ನಿನ್ನ. ಇನ್ಮೇಲೆ ಸೀರೆ ಬದ್ಲಾಯ್ಸದು ಎಂಗೆ?" ಅಂದರು.

"ಅಡ್ಡ ಒಂದು ಪರದೆ ಕಟ್ತೀನಿ."

"ಬಸ್ಸು ಎಷ್ಟೊತ್ತಿಗೆ?"

ಪೇಟೆ ಆಸ್ಪತ್ರೆಯಲ್ಲಿ ಗಾಯದ ಸುತ್ತ ಚುಚ್ಚುವಾಗ ಅತ್ತೆ ನರ್ಸಮ್ಮನ ತಾಯಿ, ತಾತ ಎಲ್ಲರನ್ನೂ ನೆನೆದರು. ಆಮೇಲೆ ತೋಳಿಗೆ ಹಾಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನರ್ಸಮ್ಮ ಹತ್ತಿ ಒತ್ತಿ, ಆಯ್ತು ಅಜ್ಜಿ, ಏಳಿ ಅಂದರೂ ಕೂತೇ ಇದ್ದರು.

"ಆಯ್ತಾ? ಇಷ್ಟೇಯಾ?"

"ಇಷ್ಟೇ ಅಜ್ಜಿ. ಇನ್ನೂ ಕೆಲವು ಸಲ ಬರಬೇಕು, ತಪ್ಪಿಸಬೇಡಿ."

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಸಿದೆ, ಬನ್ನು ಕೊಡಿಸಿದೆ. ಬನ್ನನ್ನು ಟೀಯಲ್ಲಿ ಅದ್ದಿ ಹಿಡಿದು, "ಇಷ್ಟೇಯಾ ಕಣಮ್ಮಿ?" ಅಂತ ನನ್ನನ್ನು ಕೇಳಿದರು. ಹೂಂ ಅತ್ತೆಮ್ಮ, ಇಷ್ಟೇ ಅಂದೆ. ಬಸ್ಸು ಊರು ಮುಟ್ಟುವಾಗ ಕಿಟಕಿ ಕಡೆ ತಿರುಗಿ ಇನ್ನೊಂದು ಸಲ ಅಂದರು, ಇಷ್ಟೇಯಾ ಅಂತ. ಆ ಸಲ ನನ್ನನ್ನು ಕೇಳಿದ್ದಲ್ಲ. ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

ಆಮೇಲಿನ ಸೂಜಿಗಳಿಗೆ ಅವರೇ ನನ್ನನ್ನು ಎಬ್ಬಿಸಿ ಹೊರಡಿಸುತ್ತಿದ್ದರು. ಜ್ವರ ಇಲ್ಲ, ನೋವು ಇಲ್ಲ, ಬದನೆಕಾಯಿ ಮತ್ತೆ ತಿನ್ನತೊಡಗಿದರು, ಅದರ ಜೊತೆಗೆ ಉಪ್ಪು ಸಾಲದು ಅನ್ನುವುದನ್ನೂ ಶುರುಮಾಡಿದರು. ಜೀವ ಉಳಿಯಿತು ಅಂತ ನನಗೆ ಖಾತ್ರಿಯಾದದ್ದು ಆವತ್ತೇ.

ಬೆಕ್ಕಿನ ಗೋಳು ಮಾತ್ರ ಮುಗಿಯಲಿಲ್ಲ. ದಿನಾ ಗೂಡು ತೊಳೆಯಬೇಕು, ಕೈಗವಸು ಹಾಕಬೇಕು, ಅನ್ನ ಹಾಲು ಮೀನು ಒಳಗೆ ತಳ್ಳಬೇಕು. ತಿಂದಾದ ಮೇಲೆ ಕೃತಜ್ಞತೆಗೆ ಒಂದು ಸಲವಾದರೂ ಮಿಯಾಂವ್ ಅನ್ನಬೇಕೋ ಬೇಡವೋ? ಬುಸ್ ಅನ್ನುತ್ತಿದ್ದವು. ಡಾಕ್ಟರು ಬಂದಾಗಲೆಲ್ಲ, ಇನ್ನೂ ಸ್ವಲ್ಪ ದಿನ ಅಮ್ಮ ಅನ್ನುವರು. ಅವತ್ತು ನೀನೇ ಇಟ್ಕೊಳಕ್ಕ ಅಂದವನೇ ಬಂದು, ಡೈರಿಯಲ್ಲಿ ಇಲಿ ಜಾಸ್ತಿಯಾಗಿವೆ, ಬೆಕ್ಕು ಯಾವಾಗ ಬಿಡ್ತೀಯ ಅಂತ ದಬಾಯಿಸಿದ. ಅವನಿಗೆ ಏನಂದೆ ಅನ್ನುವುದನ್ನು ಅವನನ್ನೇ ಕೇಳಿ. ಹಿತ್ತಲಲ್ಲಿದ್ದ ಬಾಗಿಲ ಮೇಲೆ ನಾನು ಸಂಡಿಗೆ ಒಣಗಿಸತೊಡಗಿದೆ. ವಾಪಸು ಕೂರಿಸಲಾ ಅಂತ ಯಜಮಾನರು ಕೇಳಿದ್ದಕ್ಕೆ, ಗಾಳಿ ಚೆನ್ನಾಗಿ ಆಡ್ತದೆ, ಬುಡು ಅಂದರು ಅತ್ತೆ. ಇವತ್ತಿಗೂ ಆ ಕೋಣೆಗೆ ಪರದೆಯೇ.

ಸಂಕ್ರಾಂತಿ ಹಿಂದೆ ಮುಂದೆ ಡಾಕ್ಟರು ಕೊನೆಯ ಸಲ ಬಂದರು. ಉಳಿದ ಬೆಕ್ಕು ಎಲ್ಲ ಚೆನ್ನಾಗಿವೆ ಅಂತ ಹೇಳಿ, ಎಲ್ಲಕ್ಕೂ ಸೂಜಿ ಹಾಕಿ, ಗೂಡುಗಳ ಬಾಗಿಲು ತೆರೆದಿಟ್ಟು ಹೊರಗೆ ಬಂದರು. ದೊಡ್ಡ ಬಾಗಿಲು ಮುಚ್ಚಿತ್ತು. ಇನ್ನು ಇದೊಂದು ತೆಗೆದರೆ ಆಯ್ತು ಅಂದರು. ಪೀಡೆ ತೊಲಗಿತು ಅಂತ ನಾನು ಮುಂದೆ ಹೋಗುತ್ತಿದ್ದೆ, ಹಿಂದಿನಿಂದ ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು.

"ತಡಿ. ನಾನ್ ತೆಗೀತೀನಿ."

ಹುಳದ ಮನೆಯ ಚಿಲಕ ಬಾಗಿಲಿನ ಮೇಲುಗಡೆ ಇದೆ, ದಿನಾ ತೆಗೆದು ಹಾಕುತ್ತಿದ್ದರೂ ಮಳೆಗಾಲದ ತುಕ್ಕಿಗೆ ಬಿಗಿಯಾಗೇ ಇತ್ತು. ಅತ್ತೆ ಹಿಮ್ಮಡಿ ಎತ್ತಿ, ಎರಡೂ ಕೈ ಮೇಲೆ ಚಾಚಿ ಎಳೆಯುತ್ತಿದ್ದರು. ನೋಡಿ ನೋಡಿ ನನಗೆ ತಡೆಯಲಿಲ್ಲ.

"ನಿಮ್ಗೆ ಎಟುಕಲ್ಲ, ಬುಡಿ ಅತ್ತೆಮ್ಮ" ಅಂತ ಕೈ ಹಾಕಿದೆ. ಕೈ ಮೇಲೆ ಪಟ್ ಅಂತ ಏಟು ಬಿತ್ತು.

"ಎಟುಕ್ತದೆ. ಅವತ್ತೂ ಎಟುಕ್ತಿತ್ತು ಕಣಮ್ಮಿ."

ಯಾವತ್ತು ಅಂತ ಕೇಳಬೇಕಾಗಿರಲಿಲ್ಲ, ಅಕ್ಕನಿದ್ದ ರಾಗಿ ಕೋಣೆಯ ಚಿಲಕ. ಆಪಾಗೂ ಇದು ಗೊತ್ತಿರಲಾರದು. ಚಿಲಕ ಕಿರ್ರಂತ ಜಾರಿ ಬಂತು. ಅತ್ತೆ ಬಾಗಿಲನ್ನು ಗೋಡೆಗೆ ತಾಗುವ ತನಕ ತಳ್ಳಿ, ಒಳಗಿನ ಕತ್ತಲೆ ಕಡೆ ಬಗ್ಗಿ, "ಬಾರವ್ವ, ಈಚೆಗ್ ಬಾ" ಅಂತ ಕರೆದರು. ಮೊದಲು ಕೆಂಚಿ ಬಂತು. ಅದರ ಹಿಂದೆ ಒಂದೊಂದಾಗಿ ಉಳಿದವು ನಮ್ಮ ಕಾಲ ಸಂದಿಯಲ್ಲಿ ನುಗ್ಗಿ ಸೊಪ್ಪಿನ ತೋಟದೊಳಗೆ ಓಡಿದವು. ಎಲ್ಲ ಬೆಕ್ಕು ಹೋದಮೇಲೂ ಅತ್ತೆ ಆ ಬಾಗಿಲಲ್ಲೇ ನಿಂತು, ಬಾರವ್ವ, ಬಾರವ್ವ ಅಂತ ಕರೆಯುತ್ತಲೇ ಇದ್ದರು.